ಬುತ್ತಿ ಒಯ್ದವರೆಲ್ಲ ಉದ್ಯೋಗಸ್ಥರು

ಒಂದು ದೇಶ ಏಳುತ್ತಿದೆಯೋ ಬೀಳುತ್ತಿದೆಯೋ ಎಂದು ತಿಳಿಯಬೇಕಾದರೆ ಅಲ್ಲಿ ಎಷ್ಟು ಕೈಗಳಿಗೆ ಕೆಲಸವಿದೆ ಎಂಬುದನ್ನು ಮೊದಲು ಎಣಿಸಬೇಕು. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ನೀತಿಶಾಸ್ತ್ರ ಮೂರೂ ಒಪ್ಪುವ ಮಾತಿದು. ಆದರೆ ಈ ಮೂರು ಶಾಸ್ತ್ರದವರಲ್ಲಿ ಒಬ್ಬರೂ ಎಣಿಸಲು ಹೋಗುವುದಿಲ್ಲ. ಹೋಗುತ್ತಿದ್ದವನು ನಾನು, ಗುಜರಾತಿನ ಬಿಸಿಲಲ್ಲಿ, ನಾಲ್ಕನೆಯ ಮಹಡಿಗೆ, ಲಿಫ್ಟ್ ಕೆಟ್ಟ ದಿನವನ್ನೇ ನೋಡಿಕೊಂಡು.

ನಾನು ಧಾರವಾಡದವನು. ಜನರ ಮನೆಗೆ ಹೋಗಿ ಅವರ ಉದ್ಯೋಗ, ಸಂಬಳ ಕೇಳಿ ಬರೆದುಕೊಳ್ಳುವ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ. ಕೊನೆಯ ಹದಿನಾಲ್ಕು ವರ್ಷ ಗುಜರಾತಿನಲ್ಲೇ ಕಳೆದೆ: ಮೊದಲು ಅಹಮದಾಬಾದ್, ಆಮೇಲೆ ವಡೋದರಾ, ಕೊನೆಗೆ ಸೂರತ್. ಮೂರೂ ಊರಲ್ಲಿ ಬಾಗಿಲು ತೆರೆದವರು ಕೇಳಿದ್ದು ಒಂದೇ ಪ್ರಶ್ನೆ: "ಇದರಿಂದ ನಮಗೇನು ಸಿಗುತ್ತೆ?" ನಾನು ಕೊಡುತ್ತಿದ್ದದ್ದೂ ಒಂದೇ ಉತ್ತರ: "ದೇಶಕ್ಕೆ ಮಾಹಿತಿ ಸಿಗುತ್ತದೆ." ಅಷ್ಟು ಕೇಳಿ ಅವರು ಒಳಗಿನಿಂದ ನೀರು ತಂದು ಕೊಡುತ್ತಿದ್ದರು. ಈ ಮನುಷ್ಯನಿಗೆ ಬಿಸಿಲು ಬಡಿದಿದೆ ಎಂಬ ಮರುಕವೇ ಅದಕ್ಕೆ ಕಾರಣವೆಂದು ಈಗ ಅನ್ನಿಸುತ್ತದೆ.

ನಮ್ಮ ಶಾಸ್ತ್ರದ ಮೂಲಮಂತ್ರ ಸರಳವಾದದ್ದು. ಕಳೆದ ಏಳು ದಿನದಲ್ಲಿ ಯಾವುದಾದರೂ ಒಂದು ದಿನ, ಯಾವುದಾದರೂ ಒಂದು ಗಂಟೆ ದುಡಿದವನು ಆ ವಾರದ ಮಟ್ಟಿಗೆ ಉದ್ಯೋಗಸ್ಥ. ಕೆಲಸವಿದ್ದೂ ರಜೆಯ ಮೇಲಿರುವವನೂ ಉದ್ಯೋಗಸ್ಥ. ಇದನ್ನು ಮೊದಲ ಸಲ ತರಬೇತಿಯಲ್ಲಿ ಕೇಳಿದಾಗ, ಇಷ್ಟು ಉದಾರವಾದ ದೇಶದಲ್ಲಿ ನಿರುದ್ಯೋಗಿಯಾಗಲು ಬಹಳ ಶ್ರಮಪಡಬೇಕಾದೀತು ಎಂದುಕೊಂಡಿದ್ದೆ.

ಸಂಬಳದ ಕತೆ ಬೇರೆ. ವಡೋದರಾದ ಆಲ್ಕಾಪುರಿಯ ಒಂದು ಫ್ಲ್ಯಾಟಿನಲ್ಲಿ ಗಂಡ ತನ್ನ ಸಂಬಳವನ್ನು ಒಂದು ಹೇಳಿದ, ಅಡುಗೆಮನೆಯಿಂದ ಹೆಂಡತಿ ಇನ್ನೊಂದು ಹೇಳಿದಳು, ಉಯ್ಯಾಲೆಯ ಮೇಲೆ ಕೂತ ಅತ್ತೆ ಎರಡನ್ನೂ ತಳ್ಳಿಹಾಕಿ ಮೂರನೆಯದನ್ನು ಹೇಳಿದರು. ನನ್ನ ಹಾಳೆಯಲ್ಲಿ ಇದ್ದದ್ದು ಒಂದೇ ಚೌಕ. ಗಂಡನದನ್ನು ಬರೆದೆ, ಅತ್ತೆಯದೇ ನಿಜವೆಂದು ಇವತ್ತಿಗೂ ನಂಬಿದ್ದೇನೆ. ಸೂರತ್ ಪಕ್ಕದ ಹಜೀರಾದ ಕಂಪನಿ ಕಾಲೊನಿಯಲ್ಲಿ ಒಬ್ಬ ತರುಣ ಇಂಜಿನಿಯರು "ಕೈಗೆ ಬರೋದು ಬೇಕಾ, ಕಾಗದದಲ್ಲಿರೋದು ಬೇಕಾ, ಊರಲ್ಲಿ ಹೇಳೋದು ಬೇಕಾ?" ಎಂದು ಕೇಳಿದ. ಪ್ರಾಮಾಣಿಕ. ಅಂಥವರು ಕಡಿಮೆ.

ಕಾರ್ಖಾನೆಗಳಲ್ಲಿ ಕೇಳುವ ಪಟ್ಟಿ ಇನ್ನೊಂದಿತ್ತು: ಈ ಅವಧಿಯಲ್ಲಿ ಎಷ್ಟು ಜನ ಸೇರಿದರು, ಎಷ್ಟು ಜನ ಬಿಟ್ಟರು? ವಡೋದರಾದ ಹೊರಗಿನ ಒಂದು ಕಾರ್ಖಾನೆಯಲ್ಲಿ ಸಿಬ್ಬಂದಿ ಮ್ಯಾನೇಜರು ಎದೆಯುಬ್ಬಿಸಿ, "ನಮ್ಮಲ್ಲಿ ಬಿಟ್ಟು ಹೋಗುವವರೇ ಇಲ್ಲ, ಶೂನ್ಯ ಬರೆಯಿರಿ" ಎಂದರು. ಗೇಟಿನಿಂದ ಒಳಬರುವಾಗ ನಾನು ಕಂಡ ನೂರಾರು ಜನರ ಬಗ್ಗೆ ಕೇಳಿದೆ. "ಅವರು ನಮ್ಮವರಲ್ಲ, ಗುತ್ತಿಗೆದಾರನವರು." ಗುತ್ತಿಗೆದಾರ ಎಲ್ಲಿ? "ಅವನು ಹೋದ ತಿಂಗಳು ಬದಲಾದ." ಶೂನ್ಯವನ್ನೇ ಬರೆದೆ. ಚಹಾ ಬಹಳ ಚೆನ್ನಾಗಿತ್ತು.

ಇಷ್ಟೆಲ್ಲ ಬರೆದು ಅರಗಿಸಿಕೊಂಡವನಿಗೆ ಸೂರತ್ತಿನಲ್ಲಿ ಒಬ್ಬಳು ಸಿಕ್ಕಳು.

ಆಕೆ ನಮ್ಮ ಕಚೇರಿಯ ಗುತ್ತಿಗೆಯ ಇನ್ವೆಸ್ಟಿಗೇಟರ್. ಅಂದರೆ ಮನೆಮನೆಗೆ ಹೋಗಿ ಟ್ಯಾಬಿನಲ್ಲಿ ತುಂಬುವವಳು. ನಾನು ಆಕೆಯ ಮೇಲಧಿಕಾರಿ, ತುಂಬಿದ್ದನ್ನು ತಪಾಸಣೆ ಮಾಡುವವನು. ತಂದೆ ಹುಬ್ಬಳ್ಳಿಯಿಂದ ವರ್ಗವಾಗಿ ವಡೋದರಾಕ್ಕೆ ಬಂದ ರೈಲ್ವೆ ನೌಕರ. ಆತ ತೀರಿಕೊಂಡ ಮೇಲೆ ತಾಯಿ, ಮಗಳು ಇಬ್ಬರೇ ಸೂರತ್ತಿಗೆ ಬಂದಿದ್ದರು. ಆಕೆಗೆ ಮೂವತ್ತಾರು. ಕಾಯಂ ಹುದ್ದೆಯ ಪರೀಕ್ಷೆಗೆ ವಯಸ್ಸಿನ ಮಿತಿ ದಾಟಿತ್ತು. ಹನ್ನೊಂದು ತಿಂಗಳಿಗೊಮ್ಮೆ ಗುತ್ತಿಗೆ ನವೀಕರಿಸುತ್ತಿದ್ದರು, ನಡುವೆ ಒಂದು ತಿಂಗಳು ಮನೆಯಲ್ಲಿ ಕೂಡಿಸುತ್ತಿದ್ದರು. ಹಾಗೆ ಆರು ಸಲ ಆಗಿತ್ತು. ಏಳನೆಯದಕ್ಕೆ ಮಾರ್ಚ್ ಕೊನೆಯಲ್ಲಿ ನನ್ನ ಶಿಫಾರಸು ಹೋಗಬೇಕು. ಊರಿನವರ ಉದ್ಯೋಗ ಭದ್ರತೆ ಅಳೆಯಲು ಸರ್ಕಾರ ಆರಿಸಿ ಕಳಿಸಿದ ಅಳತೆಗೋಲು ಇದು.

ಕಚೇರಿಯಲ್ಲಿ ನನ್ನನ್ನು ಸರ್ ಎನ್ನುವಳು, ಹೊರಗೆ ಕಾಕಾ. ಆಕೆಯ ಕನ್ನಡ ಹುಬ್ಬಳ್ಳಿಯಿಂದ ಹೊರಟು ದಾರಿಯಲ್ಲಿ ಎಲ್ಲ ಸ್ಟೇಷನ್ನಿನಲ್ಲೂ ಇಳಿದು ಹತ್ತಿದ ಕನ್ನಡ. "ಕಾಕಾ, ನನಗ ಬರ್ತದ ನೇ, ಪಣ್ ಲಿಖ್ಲಿಕ್ಕೆ ಬರಂಗಿಲ್ಲ" ಎನ್ನುವಳು, ಕನ್ನಡ ಬರುತ್ತದಲ್ಲ, ಆದರೆ ಬರೆಯಲು ಬಾರದು ಎಂಬರ್ಥದಲ್ಲಿ. ಕೆಲಸ ಮಾತ್ರ ಅಚ್ಚುಕಟ್ಟು. ಉಳಿದವರು ನಾಲ್ಕು ಮನೆಯ ಮಾಹಿತಿಯನ್ನು ಒಂದು ಚಹಾ ಅಂಗಡಿಯಲ್ಲಿ ಕೂತು ತುಂಬುತ್ತಿದ್ದ ಕಾಲದಲ್ಲಿ ಆಕೆ ನಾಲ್ಕು ಮನೆಯ ಮೆಟ್ಟಿಲೂ ಹತ್ತುತ್ತಿದ್ದಳು. ಇದು ದೊಡ್ಡ ದೋಷವೆಂದು ಆಗ ನನಗೆ ಹೊಳೆಯಲಿಲ್ಲ.

ಆರಿಸಿದ ಒಂದೇ ಮನೆಗೆ ಮೂರು ತಿಂಗಳಿಗೊಮ್ಮೆಯಂತೆ ನಾಲ್ಕು ಸಲ ಹೋಗುವುದು ಆಗಿನ ಪದ್ಧತಿ. ಆಕೆಯ ಪಾಲಿಗೆ ಬಂದ ಮನೆಗಳಲ್ಲಿ ಕತಾರ್‌ಗಾಮ್‌ನ ಒಬ್ಬ ವಜ್ರ ಉಜ್ಜುವವನ ಮನೆಯೂ ಇತ್ತು. ನಲವತ್ತೈದರ ಆಸುಪಾಸಿನವನು, ಹೆಂಡತಿ, ಹಾಸಿಗೆ ಹಿಡಿದ ತಾಯಿ, ಮದುವೆ ಗೊತ್ತಾಗಿದ್ದ ಮಗಳು. ವಜ್ರದ ಕಾರಖಾನೆಯಲ್ಲಿ ತಿರುಗುವ ಸಾಣೆಗೆ ಘಂಟಿ ಎನ್ನುತ್ತಾರೆ. ಒಂದು ಘಂಟಿಯ ಸುತ್ತ ನಾಲ್ಕು ಜನ ಕೂಡುತ್ತಾರೆ. ಉಜ್ಜಿದ ಹರಳಿಗೆ ಇಷ್ಟು ಎಂದು ಕೂಲಿ. ಹರಳು ಬಂದರೆ ಉಂಟು, ಬರದಿದ್ದರೆ ಇಲ್ಲ. ಮೊದಲ ಭೇಟಿಯ ದಿನ ಭಾನುವಾರ, ಆತನೇ ಮನೆಯಲ್ಲಿದ್ದ. ಉದ್ಯೋಗಸ್ಥ ಎಂದು ಬರೆದಾಯಿತು. ಎರಡನೆಯ ಸಲ ಹೆಂಡತಿ ಬಾಗಿಲು ತೆರೆದಳು, "ಕೆಲಸಕ್ಕೆ ಹೋಗಿದ್ದಾರೆ." ಉದ್ಯೋಗಸ್ಥ. ಮೂರನೆಯ ಸಲ, ಹೋಳಿ ಮುಗಿದ ವಾರ, ಅದೇ ಹೆಂಡತಿ, ಅದೇ ಮಾತು.

ನಮ್ಮ ಇನ್ವೆಸ್ಟಿಗೇಟರ್ ಬರೆದದ್ದು: ಕೆಲಸವಿಲ್ಲ. ಕೆಳಗೆ ಷರಾ ಎಂಬ ಜಾಗದಲ್ಲಿ ಎರಡು ಸಾಲು: "ಮಾಹಿತಿ ಕೊಟ್ಟವರು ಕೆಲಸಕ್ಕೆ ಹೋಗಿದ್ದಾರೆ ಎನ್ನುತ್ತಾರೆ. ಆದರೆ ಇವರಿಗೆ ಕೆಲಸವಿಲ್ಲದಿರುವುದನ್ನು ನಾನು ಖುದ್ದಾಗಿ ನೋಡಿದ್ದೇನೆ."

ಷರಾ ಎಂಬ ಜಾಗವನ್ನು ನಮ್ಮ ಇಲಾಖೆ ಖಾಲಿ ಬಿಡಲೆಂದು ಇಟ್ಟಿದೆ. ಮೂರು ದಶಕದಲ್ಲಿ ನಾನು ಅಲ್ಲಿ "ಇಲ್ಲ" ಎಂಬುದರ ಹೊರತು ಬೇರೆ ಸಾಹಿತ್ಯ ಓದಿದವನಲ್ಲ. ಎರಡೇ ದಿನದಲ್ಲಿ ಮೇಲಿನ ಕಚೇರಿಯಿಂದ ಪ್ರಶ್ನೆ ಬಂತು. ಮನೆಯವರ ಹೇಳಿಕೆ ಒಂದು, ನಮೂದು ಇನ್ನೊಂದು. ಇದು ಕಲ್ಪಿತ ನಮೂದೇ? ನೀವು ಖುದ್ದಾಗಿ ಹೋಗಿ ಮತ್ತೆ ಕೇಳಿ ವರದಿ ಕಳಿಸಿ. ನಮ್ಮಲ್ಲಿ ಕಲ್ಪಿತ ನಮೂದು ಎಂದರೆ ಕಳ್ಳತನಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಆ ಮಾತು ವರದಿಯಲ್ಲಿ ಬಂದವರ ಗುತ್ತಿಗೆ ನವೀಕರಣವಾಗುವುದಿಲ್ಲ.

ಆಕೆಯನ್ನು ಕರೆದೆ.

"ಏನ್ ಬರದೀವಾ ಇದು?"

"ನೋಡಿದ್ದು ಬರದೀನಿ, ಸರ್."

"ನೋಡಿದ್ದು ಯಾರು ಕೇಳ್ಯಾರ? ಅವರು ಹೇಳಿದ್ದು ಬರೀಬೇಕು. ನಿನ್ನ ಕಣ್ಣಿಗೆ ಸರ್ಕಾರ ಪಗಾರ ಕೊಡಂಗಿಲ್ಲ, ಕಿವಿಗೆ ಕೊಡ್ತದ."

"ಸರ್, ನಾ ತಾಪಿ ಹೊಳಿ ದಂಡಿ ಗಾರ್ಡನ್‌ದಾಗ ಡಬ್ಬಿ ತಿನ್ನಲಿಕ್ಕೆ ಕೂಡ್ತೀನಿ ನೇ, ಅಲ್ಲೇ ಅವರೂ ಕೂಡ್ತಾರ. ಬುಧವಾರ ನೋಡಿದ್ನಿ, ಶುಕ್ರವಾರ ನೋಡಿದ್ನಿ, ಮತ್ತ ಬುಧವಾರ ನೋಡಿದ್ನಿ. ಮುಂಜಾನೆ ಹನ್ನೊಂದಕ್ಕ! ಕಾರಖಾನಿಗೂ ಹೋಗಿ ನೋಡ್ಕೊಂಡು ಬಂದೀನಿ. ಬೀಗ ಹಾಕ್ಯಾರ. ಬೀಗಕ್ಕ ತುಕ್ಕು ಹತ್ತೇದ."

"ಹೆಂಡ್ತಿಗೆ ಹೇಳ್ದಿ?"

ಆಕೆ ನನ್ನನ್ನು ಹೇಸಿಗೆಯಿಂದ ನೋಡಿದಳು. "ಹೆಂಗ ಹೇಳ್ಲಿ ಸರ್? ಆ ಮನುಷ್ಯಾ ದಿನಾ ಬುತ್ತಿ ಕಟ್ಟಿಸ್ಕೊಂಡು ಬರ್ತಾರ."

ಇಲ್ಲಿಯೇ ಗಂಟು ಬಿದ್ದದ್ದು. ನಮೂದು ನಿಜವೆಂದು ಸಾಬೀತುಪಡಿಸಬೇಕಾದರೆ ಆ ಮನೆಯವರು ಹೌದು ಎನ್ನಬೇಕು. ಮನೆಯವರು ಹೌದು ಎನ್ನಬೇಕಾದರೆ ಅವರಿಗೆ ತಿಳಿಯಬೇಕು. ತಿಳಿಸುವವರು ನಾವಾಗಬೇಕು. ಆಕೆ ಅದಕ್ಕೆ ಒಪ್ಪಲಿಲ್ಲ. ನಮೂದು ತಿದ್ದು ಎಂದೆ; ಅದಕ್ಕೂ ಒಪ್ಪಲಿಲ್ಲ. ಉಳಿದ ದಾರಿ ಒಂದೇ: ಆ ಮನುಷ್ಯನ ಬಾಯಿಂದಲೇ ಹೇಳಿಸುವುದು.

ಆಕೆಯ ಸ್ಕೂಟರಿನ ಹಿಂದೆ ಕೂತು ಗಾರ್ಡನ್ನಿಗೆ ಹೋದೆ. ಕಲ್ಲಿನ ಬೆಂಚಿನ ಸುತ್ತ ನಾಲ್ಕು ಜನ ಕೂತಿದ್ದರು, ಇಬ್ಬರು ಬೆಂಚಿನ ಮೇಲೆ, ಇಬ್ಬರು ಎದುರಿಗೆ ಹುಲ್ಲಿನ ಮೇಲೆ. ಘಂಟಿಯ ಸುತ್ತ ಹೇಗೆ ಕೂಡುತ್ತಿದ್ದರೋ ಹಾಗೆ. ಜಾಗ ಕೂಡ ಬದಲಾಯಿಸಿಕೊಂಡಿರಲಿಲ್ಲವಂತೆ. ಅವರಲ್ಲಿ ನಮ್ಮ ನಮೂದಿನ ಮನುಷ್ಯ ಎದ್ದು ಕೈಮುಗಿದ. ತೆಳ್ಳಗಿನ, ಇಸ್ತ್ರಿ ಅಂಗಿಯ ಮನುಷ್ಯ. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕರಿ ಇನ್ನೂ ಹೋಗಿರಲಿಲ್ಲ. ನಾನು ಗುಜರಾತಿಯಲ್ಲಿ ಬಂದ ಕಾರಣ ಹೇಳಿದೆ.

"ನನಗೆ ಕೆಲಸ ಇಲ್ಲ ಅಂತ ಯಾರು ಹೇಳಿದರು, ಸಾಹೇಬ್?" ಎಂದ ಆತ. "ಶೇಠ್ ಹೇಳಿಲ್ಲ. ಶೇಠ್ ಹೇಳಿದ್ದು ದೀಪಾವಳಿ ರಜೆ ಈ ಸಲ ಸ್ವಲ್ಪ ಉದ್ದ ಅಂತ."

"ಹೋಳಿ ಆಯ್ತಲ್ಲ."

"ಅದಕ್ಕೇ ಹೇಳಿದೆ, ಉದ್ದ ಅಂತ."

ಉಳಿದ ಮೂವರು ನಕ್ಕರು. ಒಬ್ಬ, "ಸಾಹೇಬ್, ನಮ್ಮನ್ನೂ ಬರೆದುಕೊಳ್ಳಿ, ನಾವೂ ಇದೇ ರಜೆಯಲ್ಲಿದ್ದೇವೆ" ಎಂದ. ನಿಮ್ಮ ಮನೆ ನಮ್ಮ ಆಯ್ಕೆಯಲ್ಲಿ ಬಂದಿಲ್ಲ ಎಂದೆ. "ನೋಡ್ರೋ, ಅಲ್ಲೂ ನಮ್ಮ ನಂಬರು ಬರಲಿಲ್ಲ!" ಎಂದು ಹಣೆ ಬಡಿದುಕೊಂಡ.

ನಮ್ಮ ಇನ್ವೆಸ್ಟಿಗೇಟರ್ ಮುಂದೆ ಬಂದು ಮೆಲ್ಲಗೆ ಹೇಳಿದಳು, ನೀವು ಹೇಳಿದ್ದು ಎಲ್ಲೂ ಹೋಗುವುದಿಲ್ಲ, ಹೆಸರು ಯಾರಿಗೂ ತಿಳಿಯುವುದಿಲ್ಲ, ನೀವು ಹೇಳದಿದ್ದರೆ ನನ್ನ ಕೆಲಸ ಹೋಗುತ್ತದೆ. ಅದನ್ನು ಕೇಳಿ ಆತ ಬುತ್ತಿಯ ಮುಚ್ಚಳ ಬಿಗಿದಿಟ್ಟು, ಆಕೆಯನ್ನು ಅಕ್ಕ ಎಂಬರ್ಥದಲ್ಲಿ ಬೆನ್ ಎಂದು ಕರೆದು ಹೇಳಿದ: "ಬೆನ್, ಜೂನ್‌ನಲ್ಲಿ ಮಗಳ ಮದುವೆ. ಬೀಗರ ಮನೆ ನಮ್ಮದೇ ಓಣಿಯ ಹಿಂದೆ. ನನ್ನ ಬಾಯಿಂದ ಇಲ್ಲ ಅಂತ ಒಂದು ಸಲ ಹೊರಗೆ ಬಂದರೆ ಅದು ಇಲ್ಲವೇ. ಚಾಲೂ ಇದೆ ಅಂತ ಬರೆದುಬಿಡಿ. ನಿಮ್ಮ ಕೆಲಸವೂ ಉಳಿಯುತ್ತೆ, ನನ್ನದೂ ಉಳಿಯುತ್ತೆ."

ಲೆಕ್ಕದಲ್ಲಿ ತಪ್ಪಿರಲಿಲ್ಲ. ವ್ಯಾಖ್ಯೆ ತೆರೆದರೆ ಆತನ ಮಾತೇ ನಿಲ್ಲುತ್ತಿತ್ತು: ಮಾಲೀಕ ತೆಗೆದಿಲ್ಲ, ರಜೆ ಎಂದಿದ್ದಾನೆ, ನೌಕರ ರಜೆ ಎಂದು ಒಪ್ಪಿದ್ದಾನೆ. ವಾಪಸು ಬರುವಾಗ ಇದನ್ನೇ ಆಕೆಗೆ ಹೇಳಿದೆ.

"ಕಾಕಾ, ಅದು ರಜಾ ಅಲ್ಲ ನೇ."

"ನಿನಗ ಗೊತ್ತು, ನನಗ ಗೊತ್ತು. ಟ್ಯಾಬಿಗೆ ಗೊತ್ತಿಲ್ಲ. ತಿದ್ದಿಬಿಡವಾ. ಒಂದು ಮನಿ. ಇಡೀ ದೇಶದಾಗ ಒಂದು ಮನಿ ಆ ಕಡೆ ಆದ್ರ ಏನಾತು?"

ಸಿಗ್ನಲ್ಲಿನಲ್ಲಿ ಸ್ಕೂಟರು ನಿಂತಿತ್ತು. ಆಕೆ ಹಿಂದೆ ತಿರುಗಲಿಲ್ಲ. "ಕಾಕಾ, ನೀವಽ ಟ್ರೇನಿಂಗ್‌ದಾಗ ಹೇಳಿದ್ರಿ, ಒಂದು ಮನಿ ಅಂದ್ರ ಸಾವಿರಾರು ಮನಿ ಲೆಕ್ಕ ಅಂತ. ನಾ ನೋಟ್ಸ್ ಬರ್ಕೊಂಡೀನಿ. ಬಸ್, ನಾ ತಿದ್ದಂಗಿಲ್ಲ."

ಹೇಳಿದ್ದು ನಿಜ. ತರಬೇತಿಯಲ್ಲಿ ನಾನು ಇನ್ನೂ ಎಷ್ಟೋ ಉದಾತ್ತ ಮಾತು ಆಡಿದ್ದೆ. ಅವುಗಳನ್ನು ಯಾರಾದರೂ ಬರೆದುಕೊಂಡಾರು ಎಂಬ ಶಂಕೆ ನನಗಿರಲಿಲ್ಲ.

ಮರುದಿನ ಅಧಿಕೃತ ತಪಾಸಣೆಗೆ ಇಬ್ಬರೂ ಆ ಮನೆಗೆ ಹೋದೆವು. ಮೂರನೆಯ ಮಹಡಿ. ಹೆಂಡತಿ ಚಾಪೆ ಹಾಸಿ ಕೂಡಿಸಿದಳು. ಒಳಗಿನ ಮಂಚದಲ್ಲಿ ಮುದುಕಿ, ಕಿಟಕಿಯ ಬಳಿ ಸೀರೆಗೆ ಫಾಲ್ ಹಚ್ಚುತ್ತಿದ್ದ ಮಗಳು. ನಾನು ಗಂಭೀರವಾಗಿ ಪ್ರಶ್ನೆ ಓದಿದೆ: ಕಳೆದ ಏಳು ದಿನದಲ್ಲಿ ಮನೆಯ ಯಜಮಾನರು ಏನು ಮಾಡುತ್ತಿದ್ದರು?

"ಕೆಲಸಕ್ಕೆ ಹೋಗಿದ್ದರು."

"ದಿನಾ?"

"ದಿನಾ. ಎಂಟಕ್ಕೆ ಹೋಗುತ್ತಾರೆ, ಆರಕ್ಕೆ ಬರುತ್ತಾರೆ. ಭಾನುವಾರ ರಜೆ."

"ದಿನಕ್ಕೆ ಎಷ್ಟು ತಾಸು ದುಡಿಯುತ್ತಾರೆ?"

ಕಿಟಕಿಯ ಬಳಿ ಸೂಜಿ ನಿಂತಿತು. "ಎಂಟಕ್ಕೆ ಹೋಗುತ್ತಾರೆ, ಆರಕ್ಕೆ ಬರುತ್ತಾರೆ" ಎಂದು ಹೆಂಡತಿ ಮತ್ತೊಮ್ಮೆ ಹೇಳಿದಳು. ನಾನು ಕಳೆದು, ಊಟದ ಹೊತ್ತು ಬಿಟ್ಟು, ಒಂಬತ್ತು ಎಂದು ಬರೆದುಕೊಂಡೆ. ಇಂಥ ಗಣಿತದಲ್ಲಿ ನನಗೆ ಯಾವಾಗಲೂ ಒಳ್ಳೆಯ ಅಂಕ.

ಎದ್ದು ಹೊರಟೆವು. ಒಂದು ಮಹಡಿ ಇಳಿದಿದ್ದೆವು, ಹಿಂದಿನಿಂದ ಚಪ್ಪಲಿಯಿಲ್ಲದ ಹೆಜ್ಜೆ ಕೇಳಿತು. ಆ ಹೆಂಡತಿ ಸೆರಗು ಸರಿಮಾಡಿಕೊಳ್ಳುತ್ತ ಇಳಿದು ಬಂದು ನನ್ನನ್ನು ಬಿಟ್ಟು ನಮ್ಮ ಹುಡುಗಿಯ ಮುಂದೆ ನಿಂತಳು.

"ಬೆನ್, ನೀವು ಅವರನ್ನು ಗಾರ್ಡನ್ನಿನಲ್ಲಿ ನೋಡುತ್ತೀರಂತೆ, ಜೊತೆಗೆ ಕೂಡುವವರೊಬ್ಬರ ಹೆಂಡತಿ ಹೇಳಿದಳು, ಹೌದಾ?"

ನಮ್ಮವಳು ಟ್ಯಾಬನ್ನು ಚೀಲದೊಳಗೆ ಇಟ್ಟಳು.

"ಡಬ್ಬಿ ಪೂರಾ ಊಟ ಮಾಡುತ್ತಾರಾ? ಸಂಜೆ ಖಾಲಿ ತರುತ್ತಾರೆ, ನನಗೆ ನಂಬಿಕೆಯಿಲ್ಲ. ನಾಯಿಗೆ ಹಾಕುತ್ತಾರೇನೋ ಅಂತ."

"ಊಟ ಮಾಡ್ತಾರೆ, ನಾನು ನೋಡಿದ್ದೇನೆ" ಎಂದಳು ನಮ್ಮವಳು.

"ನನಗೆ ಗೊತ್ತು ಅಂತ ಅವರಿಗೆ ಗೊತ್ತಿಲ್ಲ. ಕೆಲಸ ನಿಂತು ಐದು ತಿಂಗಳಾಯಿತು. ಹೇಳಬೇಡಿ, ಬೆನ್." ನಂತರ ನನ್ನ ಕಡೆ ಒಮ್ಮೆ ನೋಡಿ, ಬಂದಷ್ಟೇ ಮೆಲ್ಲಗೆ ಹತ್ತಿ ಹೋದಳು.

ನಮ್ಮವಳ ಮುಖ ಬೆಳಗಿಬಿಟ್ಟಿತ್ತು. ಕೆಳಗೆ ಬಂದ ಕೂಡಲೆ, "ಕಾಕಾ, ಕೇಳಿದ್ರಿಲ್ಲೋ? ಅವರಽ ಹೇಳಿದ್ರು! ಐದು ತಿಂಗಳು ಅಂತ! ಈಗ ಆತು ನೇ? ನಮೂದು ಬರಾಬರ್ ಅದ ಅಂತ ಬರದುಬಿಡ್ರಿ" ಎಂದಳು. ಸ್ಕೂಟರಿನ ಕೀಲಿ ಕೈಯಲ್ಲಿ ಕುಣಿಯುತ್ತಿತ್ತು.

ಬರೆಯಬಹುದಿತ್ತು. ಆ ಹೆಂಗಸಿಗೂ ಅದರಿಂದ ಕೇಡಿರಲಿಲ್ಲ. ನಮ್ಮ ಮಾಹಿತಿ ಓಣಿಗೆ ಹೋಗುವುದಿಲ್ಲ, ಬೀಗರ ಮನೆಗೆ ಹೋಗುವುದಿಲ್ಲ, ಅಂಕಿಯಾಗಿ ಕರಗಿ ದೆಹಲಿಗೆ ಹೋಗುತ್ತದೆ. ಕಚೇರಿಗೆ ಬಂದು ಅರ್ಧ ಪುಟ ಬರೆದೂ ಬರೆದೆ: ಮಾಹಿತಿ ಕೊಟ್ಟವರು ತಪಾಸಣೆಯ ನಂತರ, ಮೆಟ್ಟಿಲಿನ ಮೇಲೆ, ತಾವಾಗಿ ತಿಳಿಸಿದ್ದೇನೆಂದರೆ. ಓದಿಕೊಂಡೆ. ಮೇಲಿನ ಕಚೇರಿ ಏನು ಕೇಳುತ್ತದೆಂದು ಗೊತ್ತಿತ್ತು. ಚಾಪೆಯ ಮೇಲೆ ಹೇಳಿದ್ದು ಹೇಳಿಕೆಯೋ, ಮೆಟ್ಟಿಲ ಮೇಲೆ ಹೇಳಿದ್ದು ಹೇಳಿಕೆಯೋ? ಮನೆಯವರ ಮುಂದೆ ಮತ್ತೆ ಹೋಗಿ ದೃಢಪಡಿಸಿ. ನೀವು ಅಧೀನ ಸಿಬ್ಬಂದಿಯ ಪರ ವಕಾಲತ್ತು ಮಾಡುತ್ತಿರುವುದೇಕೆ, ವಿವರಣೆ ಕೊಡಿ. ಆ ವಿವರಣೆ ಕೇಳುವ ಅಧಿಕಾರಿಯ ಮೇಜಿನ ಮೇಲೆಯೇ ನಾನು ಧಾರವಾಡಕ್ಕೆ ವರ್ಗ ಕೇಳಿ ಹಾಕಿದ ಅರ್ಜಿ ಇತ್ತು. ಹದಿನಾಲ್ಕು ವರ್ಷದಲ್ಲಿ ಐದನೆಯ ಅರ್ಜಿ, ಈ ಸಲ ಆಗುತ್ತದೆಂದು ಆತ ಬಾಯಿಬಿಟ್ಟು ಹೇಳಿದ್ದ.

ಅರ್ಧ ಪುಟ ಅಳಿಸಿದೆ. ನಮೂನೆಯಲ್ಲಿ ಒಂದು ಚೌಕವಿದೆ: ನಮೂದು ಮನೆಯವರ ಹೇಳಿಕೆಗೆ ಹೊಂದುತ್ತದೆಯೇ? "ಇಲ್ಲ" ಎಂದು ಬರೆದೆ. ಇದು ಸುಳ್ಳಲ್ಲ. ನನ್ನ ಸೇವೆಯಲ್ಲಿ ನಾನು ಸುಳ್ಳು ಬರೆದವನಲ್ಲ. ಷರಾ ಎಂಬಲ್ಲಿ "ಇಲ್ಲ" ಎಂದು ಬರೆದು ಕಳಿಸಿದೆ.

ಆಕೆಗೆ ನಾನೇ ಹೇಳಬೇಕಾಯಿತು. ಅಳಲಿಲ್ಲ, ಕೂಗಾಡಲಿಲ್ಲ.

"ನೀವೂ ಕೇಳಿದ್ರಿ ನೇ, ಸರ್?"

"ಕೇಳಿದ್ನಿ."

"ಕಿವಿಗೆ ಪಗಾರ ಕೊಡ್ತಾರ ಅಂದಿದ್ರಿ."

ನಾನು ಮೇಜಿನ ಮೇಲೆ ಫೈಲು ಹುಡುಕಿದೆ. ಅಂಥ ಹೊತ್ತಿಗೆ ಸರ್ಕಾರಿ ಕಚೇರಿಯಲ್ಲಿ ಒಂದು ಫೈಲು ಯಾವಾಗಲೂ ಕಾಣೆಯಾಗಿರುತ್ತದೆ.

ತಿಂಗಳ ಕೊನೆಯ ದಿನ ಆಕೆ ಟ್ಯಾಬ್, ಚಾರ್ಜರ್, ಗುರುತಿನ ಚೀಟಿ ಮೂರನ್ನೂ ಒಪ್ಪಿಸಿ ರಸೀತಿ ಕೇಳಿದಳು. ಗುಮಾಸ್ತ ಬಿಡುಗಡೆಯ ನಮೂನೆ ಮುಂದಿಟ್ಟ. ಬಿಟ್ಟುಹೋಗಲು ಕಾರಣ ಎಂಬಲ್ಲಿ ವಜಾ ಎಂಬ ಆಯ್ಕೆ ಗುತ್ತಿಗೆಯವರಿಗೆ ಇಲ್ಲ. ಅವಧಿ ಮುಗಿದಿದೆ ಎಂದಷ್ಟೇ ಇದೆ. ಅಲ್ಲಿ ಗುರುತು ಹಾಕಿ ಸಹಿ ಮಾಡಿದಳು. ಗುಮಾಸ್ತ ಮುಂದಿನ ನವೀಕರಣ ಯಾವಾಗ ಎಂದು ಸಹಜವಾಗಿ ಕೇಳಿದ. ಆಕೆ ನನ್ನ ಕೋಣೆಯ ಕಡೆ ನೋಡಿ, "ರಜಾ ಸ್ವಲ್ಪ ಉದ್ದ ಅದ ಈ ಸಲ" ಎಂದಳು.

ಆಕೆಯ ಮೂರನೆಯ ಭೇಟಿಯ ನಮೂದನ್ನು ರದ್ದುಮಾಡಿ ನನ್ನ ತಪಾಸಣೆಯ ನಮೂದನ್ನು ಇಟ್ಟುಕೊಂಡರು. ಏಪ್ರಿಲ್‌ನಲ್ಲಿ ಆಕೆಯ ಜಾಗಕ್ಕೆ ಬೇರೆಯವರು ಬಂದರು. ಆಕೆಯ ಗುತ್ತಿಗೆ ಮುಂದುವರಿಯಲಿಲ್ಲ.